ಪದ್ಯ ಭಾಗವತರದು, ಅರ್ಥ ನಮ್ಮದು

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲಿ 126 ಎಂಬುದೊಂದು ಕಲಮು ಇದೆ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ತಾಸುಗಳಲ್ಲಿ ಏನೇನು ಮಾಡಕೂಡದು ಎಂದು ಹೇಳುವ ಕಲಮು ಅದು. ಬಹಿರಂಗ ಸಭೆ ನಡೆಸಬಾರದು, ಮೆರವಣಿಗೆ ಹೊರಡಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ಜನರನ್ನು ಸೆಳೆಯುವ ಸಲುವಾಗಿ ಸಂಗೀತ ಕಛೇರಿ, ನಾಟಕ ಅಥವಾ ಬೇರೆ ಯಾವುದೇ ಮನರಂಜನೆ ಏರ್ಪಡಿಸಿ, ಅದರ ನೆಪದಲ್ಲಿ ಚುನಾವಣೆಯ ಪ್ರಚಾರ ಮಾಡಕೂಡದು. ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ.

ಚುನಾವಣೆ ಕೆಲಸಕ್ಕೆ ಹೋಗುವ ನಮ್ಮಂಥ ಮಾಸ್ತರುಗಳು ಇಂಥದ್ದನ್ನೆಲ್ಲ ಓದುವುದು ಕಡಿಮೆ. ತರಬೇತಿಯ ದಿನ ಕೊಡುವ ಕೈಪಿಡಿಯಲ್ಲಿ ಯಂತ್ರಕ್ಕೆ ಮೊಹರು ಹಾಕುವ ಪುಟ ನೋಡುತ್ತೇವೆ, ಭತ್ಯೆಯ ಪುಟ ನೋಡುತ್ತೇವೆ. ಈ ಕಲಮು ಕಣ್ಣಿಗೆ ಬಿದ್ದಾಗ ನನಗೆ ಕುತೂಹಲವಾಯಿತು. ಹಣ ಹಂಚುವವನ ಬಗ್ಗೆ ಕಾನೂನಿಗೆ ಭಯವಿರುವುದು ಸರಿ. ಹಾಡುವವನ ಬಗ್ಗೆ ಯಾಕಿಷ್ಟು ಭಯ? ಒಬ್ಬ ಗಾಯಕ ವೇದಿಕೆ ಹತ್ತಿ ಎರಡು ಹಾಡು ಹೇಳಿದರೆ ಇಸಳೂರಿನ ಮತದಾರ ತನ್ನ ಓಟನ್ನು ಬದಲಿಸಿಬಿಡುತ್ತಾನೆಯೇ?

ನಮ್ಮ ಕಡೆ ಈ ಪ್ರಶ್ನೆ ಬರಿಯ ಪುಸ್ತಕದ್ದಲ್ಲ. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಬಾಯಲ್ಲಿ ಬರುತ್ತದೆ. ಚುನಾವಣೆಗಳೂ ಹೆಚ್ಚಾಗಿ ಅದೇ ಕಾಲಕ್ಕೆ. 2024ರ ಮಾರ್ಚ್‌ನಲ್ಲಿ ಜಾತ್ರೆ ನಡೆದಾಗ ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂದಾಗಿತ್ತು. ಅದಲ್ಲದೆ ಹಳ್ಳಿಗಳಲ್ಲಿ ಆಟ, ರಸಮಂಜರಿ, ಭಜನೆ ಸ್ಪರ್ಧೆ ಎಂದು ಒಂದಲ್ಲ ಒಂದು ಇದ್ದೇ ಇರುತ್ತದೆ. ಚುನಾವಣೆ ಹತ್ತಿರ ಬಂದ ವರ್ಷ ಇವಕ್ಕೆ ಪ್ರಾಯೋಜಕರು ತಾವಾಗಿ ಒದಗುತ್ತಾರೆ. ಅಂಥದ್ದೊಂದು ರಸಮಂಜರಿಗೆ ಮಧ್ಯರಾತ್ರಿಯವರೆಗೆ ಕೂತು ಬಂದಿದ್ದ ನಮ್ಮ ಕೇರಿಯ ಹಿರಿಯರೊಬ್ಬರನ್ನು ಮರುದಿನ ಕೇಳಿದೆ. ಅವರು ಎಲೆ ಮಡಿಚುತ್ತ, "ಪದ ಕೇಳಲೆ ಹೋಗಿದ್ದಿ ಮಾಸ್ತರೇ, ಓಟು ಕೊಡಲೆ ಅಲ್ಲ" ಎಂದರು. ಅಷ್ಟೇ ಮಾತು.

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಮ್ಮ ಜನ ತಾಳಮದ್ದಳೆ ಕೇಳಿ ಬೆಳೆದವರು. ಮಳೆಗಾಲದ ರಾತ್ರಿ ಯಾರದೋ ಮನೆಯ ಜಗುಲಿಯಲ್ಲೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಕೂಟ ಕೂರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಪದ್ಯ ಒಂದೇ. ಅರ್ಥ ಮಾತ್ರ ಹೇಳುವವನ ಬುದ್ಧಿಗೆ, ಓದಿಗೆ, ಆ ಹೊತ್ತಿನ ಸ್ಫೂರ್ತಿಗೆ ಬಿಟ್ಟದ್ದು. ಇವತ್ತು ಕೃಷ್ಣನಾಗಿ ಸಂಧಾನಕ್ಕೆ ಬಂದವನೇ ನಾಳೆ ಕೌರವನಾಗಿ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಎಂದು ಎರಡು ತಾಸು ವಾದಿಸುತ್ತಾನೆ. ಕೇಳುವವರು ಕೌರವನ ವಾದಕ್ಕೂ ತಲೆದೂಗುತ್ತಾರೆ. ತಲೆದೂಗಿದ ಮಾತ್ರಕ್ಕೆ ಕೌರವನ ಪಕ್ಷ ಸೇರುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೂ ಭಸ್ಮಾಸುರನನ್ನೂ ನೋಡಲು ಮೈಲುಗಟ್ಟಲೆ ನಡೆದು ಹೋದ ಜನ ಇದ್ದರು. ಅವರಲ್ಲಿ ಯಾರಿಗೂ ಕೀಚಕ ನಮ್ಮ ಊರಿನ ಯಜಮಾನನಾಗಲಿ ಎಂದು ಅನ್ನಿಸಲಿಲ್ಲ. ಕಲೆಯನ್ನು ಮೆಚ್ಚುವುದು ಒಂದು, ಮಾತಿಗೆ ಒಪ್ಪುವುದು ಇನ್ನೊಂದು. ಈ ವಿದ್ಯೆ ನಮಗೆ ಶಾಲೆಯಲ್ಲಿ ಬಂದದ್ದಲ್ಲ, ಜಗುಲಿಯಲ್ಲಿ ಬಂದದ್ದು.

ಹಾಗಾದರೆ ಹಾಡುವವರಿಗೂ ಓಟಿಗೂ ಸಂಬಂಧವೇ ಇಲ್ಲವೆ? ಇದೆ. ಆದರೆ ಆ ಸಂಬಂಧ ನಾವು ಎಣಿಸಿದಷ್ಟು ನೇರವಾಗಿಲ್ಲ. ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ.

2023ರ ಮೇ ತಿಂಗಳ ಮೊದಲ ವಾರ, ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆಂದು ಪ್ರಧಾನಿ ನರೇಂದ್ರ ಮೋದಿಯವರು ಅಂಕೋಲೆಗೆ ಬಂದಿದ್ದರು. ಅಲ್ಲಿ ಹಾಲಕ್ಕಿ ಸಮುದಾಯದ ಇಬ್ಬರು ಪದ್ಮಶ್ರೀ ಅಜ್ಜಿಯರನ್ನು ಕಂಡು ನಮಸ್ಕರಿಸಿದರು. ಒಬ್ಬರು ಗಿಡ ಬೆಳೆಸಿದ ತುಳಸಿ ಗೌಡ, ಇನ್ನೊಬ್ಬರು ಹಾಡು ಬೆಳೆಸಿದ ಸುಕ್ರಿ ಬೊಮ್ಮಗೌಡ. ಆ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು, ಎಲ್ಲರ ಮೊಬೈಲಿಗೂ ಬಂತು. ಸುಕ್ರಜ್ಜಿ ಎಂದರೆ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ ಹೆಸರಲ್ಲ. ಓದು ಬರಹ ಬಾರದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ಆಕಾಶವಾಣಿಯವರು, ವಿದ್ವಾಂಸರು ಬಡಗೇರಿಗೆ ಹೋಗಿ ಬರೆದುಕೊಂಡು, ಧ್ವನಿಮುದ್ರಿಸಿಕೊಂಡು ಬಂದದ್ದಿದೆ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

ಆ ಚುನಾವಣೆಯ ಫಲಿತಾಂಶ ಎಲ್ಲರಿಗೂ ಗೊತ್ತಿದೆ. 2018ರಲ್ಲಿ ಜಿಲ್ಲೆಯ ಆರು ಸ್ಥಾನಗಳಲ್ಲಿ ನಾಲ್ಕನ್ನು ಗೆದ್ದಿದ್ದ ಭಾಜಪ 2023ರಲ್ಲಿ ಎರಡಕ್ಕೆ ಇಳಿಯಿತು. ಅಂಕೋಲೆಯೂ ಸೇರಿದ ಕಾರವಾರ ಕ್ಷೇತ್ರವೇ ಎರಡು ಸಾವಿರ ಚಿಲ್ಲರೆ ಮತಗಳಿಂದ ಕೈಬಿಟ್ಟು ಹೋಯಿತು. (ಯಾರು ಗೆಲ್ಲಬೇಕಿತ್ತು ಎಂಬ ಮಾತು ಸಂಬಳ ತೆಗೆದುಕೊಳ್ಳುವ ನನ್ನ ಬಾಯಲ್ಲಿ ಬರಬಾರದು, ಬರುವುದಿಲ್ಲ.) ಇದನ್ನು ಕಂಡು, ಹಾಡಿನ ಅಜ್ಜಿಗೆ ಕೈಮುಗಿದರೂ ಓಟು ಬರಲಿಲ್ಲ ಎಂದು ಕೆಲವರು ನಕ್ಕರು. ವಿಜ್ಞಾನ ಕಲಿಸುವವನಾಗಿ ನಾನು ಆ ನಗೆಯನ್ನೂ ಒಪ್ಪಲಾರೆ. ಆ ಭೇಟಿ ಆಗದೆ ಇದ್ದಿದ್ದರೆ ಅಂತರ ಎಷ್ಟಾಗುತ್ತಿತ್ತು ಎಂದು ನೋಡಲು ಇನ್ನೊಂದು ಅಂಕೋಲೆ ನಮ್ಮ ಹತ್ತಿರ ಇಲ್ಲ. ಒಂದೇ ಬೀಜವನ್ನು ಎರಡು ಕುಂಡಗಳಲ್ಲಿ ಹಾಕಿ, ಒಂದಕ್ಕೆ ಬಿಸಿಲು ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಚುನಾವಣೆಯಲ್ಲಿ ಎರಡನೇ ಕುಂಡ ಇರುವುದಿಲ್ಲ. ಮತಗಟ್ಟೆಯಲ್ಲಿ ಸಂಜೆ ನಾವು ತುಂಬಿ ಕೊಡುವ 17ಸಿ ನಮೂನೆಯಲ್ಲಿ ಯಂತ್ರದೊಳಗೆ ಒಟ್ಟು ಎಷ್ಟು ಮತ ಬಿದ್ದಿದೆ ಎಂಬುದಷ್ಟೇ ಇರುತ್ತದೆ. ಯಾಕೆ ಬಿತ್ತು ಎಂಬ ಅಂಕಣ ಅದರಲ್ಲಿಲ್ಲ.

ಸುಕ್ರಜ್ಜಿಯ ವಿಷಯದಲ್ಲಿ ಒಂದು ಮಾತು ಮಾತ್ರ ಖಚಿತ. ಅವರ ದನಿಗೆ ಜನ ನಿಜವಾಗಿ ಓಗೊಟ್ಟದ್ದು ಸಾರಾಯಿ ವಿರುದ್ಧದ ಹೋರಾಟದಲ್ಲಿ. ಕುಡಿತದಿಂದ ಸ್ವಂತ ಮನೆಯವರನ್ನೇ ಕಳೆದುಕೊಂಡವರು ಅವರು. ಬಡಗೇರಿಯ ಹೆಂಗಸರು ಅವರ ಜೊತೆ ನಿಂತದ್ದು ಅವರಿಗೆ ಪ್ರಶಸ್ತಿ ಬಂದಿತ್ತೆಂದಲ್ಲ. ಪದ್ಮಶ್ರೀ ಆಗಿನ್ನೂ ಬಹಳ ದೂರವಿತ್ತು. ಪ್ರತಿ ಮನೆಯಲ್ಲೂ ಅದೇ ಕಥೆ ಇತ್ತು. ಪದ್ಯ ಸುಕ್ರಜ್ಜಿಯದು, ಅರ್ಥ ಆ ಹೆಂಗಸರದು.

ಇದಕ್ಕಿಂತ ಹಳೆಯ ಎರಡು ಸಂಗತಿಗಳೂ ನಮ್ಮಲ್ಲೇ ಇವೆ. ಆಗ ನಮ್ಮ ಲೋಕಸಭಾ ಕ್ಷೇತ್ರಕ್ಕೆ ಕೆನರಾ ಎಂದು ಹೆಸರು. ಮೂರು ಬಾರಿ ಸತತವಾಗಿ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಕಳಿಸಿದ್ದ ಕ್ಷೇತ್ರ ಅದು. 1967ರಲ್ಲಿ ಅಲ್ಲಿ ಪಕ್ಷೇತರರಾಗಿ ನಿಂತು ಗೆದ್ದವರು ಚುಟುಕಗಳ ದಿನಕರ ದೇಸಾಯಿ. ಅವರ ಚುಟುಕ ಶಾಲೆಯ ಹುಡುಗರ ಬಾಯಲ್ಲೂ ಇತ್ತು. ಹಾಗೆಂದು ಚುಟುಕ ಅವರನ್ನು ದಿಲ್ಲಿಗೆ ಕಳಿಸಿತೆಂದರೆ ತಪ್ಪಾಗುತ್ತದೆ. ಗೇಣಿದಾರರ ಪರ ಹೋರಾಡಿ ಜಿಲ್ಲೆಯಿಂದ ಗಡೀಪಾರಾದವರು ಅವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಶಾಲೆಯೇ ಇಲ್ಲದ ಕಡೆ ಶಾಲೆ ತಂದವರು. ಓಟು ಹಾಕಿದವನಿಗೆ ಚುಟುಕವೂ ನೆನಪಿತ್ತು, ಮಗ ಕಲಿಯುತ್ತಿದ್ದ ಶಾಲೆಯೂ ಕಣ್ಣೆದುರಿಗಿತ್ತು.

ಇನ್ನೊಬ್ಬರು ಶಿವರಾಮ ಕಾರಂತರು. ಕಾದಂಬರಿಕಾರರು ಎಂದು ನಾಡು ಅವರನ್ನು ಬಲ್ಲುದು. ನಮ್ಮ ಕಡೆಯವರಿಗೆ ಅವರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿ ಬೈಸಿಕೊಂಡ ಮನುಷ್ಯ ಕೂಡ. 1989ರಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧದ ಮಾತು ಸಂಸತ್ತಿಗೆ ಮುಟ್ಟಬೇಕೆಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಇದೇ ಕೆನರಾ ಕ್ಷೇತ್ರದಿಂದ ಸ್ಪರ್ಧಿಸಿದರು. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಅವರಿಗಿಂತ ದೊಡ್ಡ ಹೆಸರು ಆ ಮತಪತ್ರದಲ್ಲಿ ಯಾರದ್ದೂ ಇರಲಿಲ್ಲ. ಸೋತರು. ಅವರನ್ನು ಕೇಳಲು ಬಂದವರು ಗೌರವದಿಂದ ಕೇಳಿದರು. ಆದರೆ ಅಣುವಿಕಿರಣದ ಭಯ ಅಂದು ಘಟ್ಟದ ಮೇಲಿನ ಅಡಿಕೆ ತೋಟದವನ ಮನಸ್ಸಿನಲ್ಲಾಗಲಿ ಕೆಳಗಿನ ಮೀನುಗಾರನ ಮನಸ್ಸಿನಲ್ಲಾಗಲಿ ಓಟಿನಷ್ಟು ಗಟ್ಟಿಯಾಗಿ ಕೂತಿರಲಿಲ್ಲ.

ಪಿ.ಯು. ಕಾಲೇಜಿನ ಭೌತಶಾಸ್ತ್ರದ ಕೋಣೆಯಲ್ಲಿ ಸೋನೋಮೀಟರ್ ಎಂಬ ಉದ್ದನೆಯ ಪೆಟ್ಟಿಗೆ ಇರುತ್ತದೆ. ಅದರ ಮೇಲೆ ಒಂದು ತಂತಿ. ತಂತಿಯ ನಡುವೆ ಸಣ್ಣ ಕಾಗದದ ಚೂರನ್ನು ಮಡಿಚಿ ಕೂರಿಸಿ, ಶ್ರುತಿಕವೆಯನ್ನು ಬಡಿದು ಪೆಟ್ಟಿಗೆಗೆ ಊರಬೇಕು. ಹೆಚ್ಚಿನ ಸಲ ಏನೂ ಆಗುವುದಿಲ್ಲ. ತಂತಿಯ ಉದ್ದವನ್ನು ಸ್ವಲ್ಪ ಸ್ವಲ್ಪವೇ ಸರಿಪಡಿಸುತ್ತ ಹೋದರೆ, ಒಂದು ಜಾಗದಲ್ಲಿ ಕಾಗದದ ಚೂರು ಚಂಗನೆ ಹಾರಿ ಬೀಳುತ್ತದೆ. ತಂತಿಯ ಸ್ವಂತ ಕಂಪನವೂ ಶ್ರುತಿಕವೆಯ ಕಂಪನವೂ ಒಂದಾದ ಜಾಗ ಅದು. ಅನುನಾದ ಎನ್ನುತ್ತೇವೆ. ಕವೆಯನ್ನು ಎಷ್ಟು ಜೋರಾಗಿ ಬಡಿದರೂ ತಂತಿ ಹೊಂದದೆ ಇದ್ದರೆ ಚೂರು ಕೂತಲ್ಲೇ ಕೂತಿರುತ್ತದೆ.

ಕರ್ನಾಟಕದಲ್ಲಿ ಇಂಥ ಚೂರು ಹಾರಿದ್ದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ, ದೂರದಿಂದ. 1982ರ ಗೋಕಾಕ್ ಚಳವಳಿ. ಆಗ ನಾನು ಇನ್ನೂ ಮೇಲಿನ ಈಯತ್ತೆಗಳಿಗೆ ಬಂದಿರಲಿಲ್ಲ. ಹುಬ್ಬಳ್ಳಿಯಿಂದ ಬರುವ ಪತ್ರಿಕೆಯನ್ನು ದೊಡ್ಡವರು ಓದಿ ಮುಗಿಸಿದ ಮೇಲೆ ಚಿತ್ರ ನೋಡುವ ಸರದಿ ನಮ್ಮದು. ರಾಜ್‌ಕುಮಾರ್ ಊರೂರಿಗೆ ಹೋಗುತ್ತಿದ್ದರು, ಪುಟದ ತುಂಬ ಬರೀ ತಲೆಗಳು. ರಾಜ್ ಅವರನ್ನು ನಟ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಗುಬ್ಬಿ ಕಂಪನಿಯ ರಂಗಗೀತೆಯಲ್ಲಿ ಪಳಗಿದ ಗಂಟಲು ಅದು. 1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಗಾಯಕ ರಾಜ್‌ಕುಮಾರರಿಗೆ.

ಇದೇ ರಾಜ್ ಅವರ ಬಾಗಿಲಿಗೆ ರಾಜಕೀಯ ಅದಕ್ಕೂ ಮೊದಲೇ ಹೋಗಿತ್ತು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಅವರನ್ನು ನಿಲ್ಲಿಸಲು ವಿರೋಧಿಗಳು ಬೆನ್ನು ಹತ್ತಿದ್ದರೆಂದೂ, ಅವರು ಯಾರ ಕೈಗೂ ಸಿಗದೆ ಉಳಿದರೆಂದೂ ಅವರ ಮನೆಯವರೇ ಮುಂದೆ ಹೇಳಿದ್ದಾರೆ. ಆ ಚುನಾವಣೆಯಲ್ಲಿ 'ಸಮುದಾಯ'ದ ಗೆಳೆಯರು ಬೀದಿನಾಟಕ, ಹಾಡುಗಳನ್ನು ಹೊತ್ತುಕೊಂಡು ಇಂದಿರಾ ವಿರುದ್ಧ ಊರೂರು ತಿರುಗಿದರು. ಒಳ್ಳೆಯ ಕಲಾವಿದರು, ಪ್ರಾಮಾಣಿಕ ಸಿಟ್ಟು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಕಾಫಿ ತೋಟದ ಕೂಲಿಯವರ ಮನಸ್ಸಿನಲ್ಲಿ ಬೇರೆಯೇ ಶ್ರುತಿ ಇತ್ತು.

ನಾಲ್ಕು ವರ್ಷದ ಮೇಲೆ ಗೋಕಾಕ್ ವರದಿಗಾಗಿ ರಾಜ್ ಬೀದಿಗೆ ಇಳಿದಾಗ ಯಾರಿಗೂ ಓಟು ಹಾಕಿ ಎಂದು ಹೇಳಲಿಲ್ಲ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕು ಎಂದರು, ಅಷ್ಟೇ. 1983ರ ಜನವರಿಯಲ್ಲಿ ವಿಧಾನಸಭಾ ಚುನಾವಣೆ ನಡೆದು ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. 224ರಲ್ಲಿ ಅದಕ್ಕೆ ಬಂದದ್ದು 82, ಜನತಾ ಪಕ್ಷಕ್ಕೆ 95. ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಆ ದಿನ ಸಿದ್ದಾಪುರ, ಶಿರಸಿಯ ಸಂತೋಷ ಹೇಳುವುದು ಬೇಡ. ರಾಜ್‌ಕುಮಾರ್ ಸರ್ಕಾರ ಬೀಳಿಸಿದರು ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತಿನಲ್ಲಿ ಅಭಿಮಾನ ಹೆಚ್ಚು, ಲೆಕ್ಕ ಕಡಿಮೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ರೈತಸಂಘ ಎದ್ದಿತ್ತು, ದಲಿತ ಸಂಘರ್ಷ ಸಮಿತಿಯ ಹಾಡುಗಳು ಹಳ್ಳಿಯ ಕೇರಿಗಳಲ್ಲಿ ಕೇಳುತ್ತಿದ್ದವು. ಗುಂಡೂರಾಯರ ಸರ್ಕಾರದ ಮೇಲೆ ಜನರಿಗೆ ಬೇಸರ ಬಂದು ಬಹಳ ದಿನವಾಗಿತ್ತು. ತಂತಿ ಆಗಲೇ ಬಿಗಿದಿತ್ತು. ರಾಜ್ ತಮಗೆಂದು ಏನನ್ನೂ ಕೇಳದೆ ಇದ್ದದ್ದೇ ಅವರ ದನಿಗೆ ಬೆಲೆ ತಂದಿತು ಎಂದು ನನ್ನ ಊಹೆ. ಮರುದಿನವೇ ಯಾವುದಾದರೂ ಪಕ್ಷದ ಚೀಟಿ ಹಿಡಿದು ಬಂದಿದ್ದರೆ ಆ ತಲೆಗಳ ಸಾಗರದಲ್ಲಿ ಅರ್ಧ ಕರಗುತ್ತಿತ್ತೇನೋ. ಅವರ ಮಗ ಶಿವರಾಜ್‌ಕುಮಾರ್ 2024ರಲ್ಲಿ ನಮ್ಮ ನೆರೆಯ ಶಿವಮೊಗ್ಗ ಕ್ಷೇತ್ರದಲ್ಲಿ ಹೆಂಡತಿ ಗೀತಾ ಪರವಾಗಿ ಬಿಸಿಲಲ್ಲಿ ತಿರುಗಿದರು. ನೋಡಲು ಜನ ಮುತ್ತಿದರು. ಚುನಾವಣೆ ಮುಗಿಯುವವರೆಗೆ ಅವರ ಸಿನಿಮಾಗಳನ್ನು ತೋರಿಸಬಾರದೆಂದು ಎದುರು ಪಕ್ಷದವರು ಆಯೋಗಕ್ಕೆ ಬರೆಯುವಷ್ಟು ಆತಂಕವೂ ಆಯಿತು. ಗೀತಾ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು.

ಅಧಿಕಾರದಲ್ಲಿ ಇದ್ದವರಿಗೆ ಮಾತ್ರ ಹಾಡಿನ ಮೇಲೆ ಅಪಾರ ನಂಬಿಕೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಹಾಡಲು ಒಪ್ಪಲಿಲ್ಲವೆಂದು 1976ರಲ್ಲಿ ಕಿಶೋರ್ ಕುಮಾರರ ಹಾಡುಗಳನ್ನು ಆಕಾಶವಾಣಿ, ದೂರದರ್ಶನಗಳಿಂದಲೇ ತೆಗೆದುಹಾಕಿದರು. ಮರುವರ್ಷ ಫೆಬ್ರುವರಿಯಲ್ಲಿ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ದೊಡ್ಡ ಸಭೆ ಗೊತ್ತಾದಾಗ, ಜನ ಮನೆಬಿಟ್ಟು ಹೊರಡದಿರಲೆಂದು ದೂರದರ್ಶನದಲ್ಲಿ 'ಬಾಬಿ' ಸಿನಿಮಾ ಹಾಕಿದರು. ಹಾಡುಗಳಿಂದಲೇ ಓಡಿದ ಸಿನಿಮಾ ಅದು. ಜನ ಸಿನಿಮಾ ಬಿಟ್ಟು ಮೈದಾನಕ್ಕೆ ನಡೆದರು. ಇಲ್ಲಿ ಇನ್ನೊಂದು ಲೆಕ್ಕವನ್ನೂ ಹೇಳಬೇಕು. 1977ರ ಆ ಚುನಾವಣೆಯಲ್ಲಿ ಉತ್ತರ ಭಾರತವೆಲ್ಲ ತಿರುಗಿ ಬಿದ್ದರೂ ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂತು. ಕಿಶೋರ್ ಹಾಡು ನಿಂತದ್ದು ನಮ್ಮ ರೇಡಿಯೋದಲ್ಲಿಯೂ ಹೌದು.

ಗಾಯಕರು ತಾವೇ ಕಣಕ್ಕೆ ಇಳಿದ ಕಥೆಗಳು ಇನ್ನೂ ವಿಚಿತ್ರ. ಅಸ್ಸಾಮಿನ ಭೂಪೇನ್ ಹಜಾರಿಕಾ 1967ರಲ್ಲಿ ನೌಬೈಚಾ ಕ್ಷೇತ್ರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. 2004ರಲ್ಲಿ, ಹೆಸರು ಹಿಂದಿಗಿಂತ ಹತ್ತು ಪಟ್ಟು ದೊಡ್ಡದಾಗಿದ್ದಾಗ, ಗುವಾಹಟಿಯಿಂದ ಲೋಕಸಭೆಗೆ ನಿಂತು ಸೋತರು. 2011ರಲ್ಲಿ ಅವರು ತೀರಿಕೊಂಡಾಗ ಲಕ್ಷಾಂತರ ಜನ ಅಂತಿಮ ದರ್ಶನಕ್ಕೆ ನಿಂತದ್ದು ಅದೇ ಗುವಾಹಟಿಯಲ್ಲಿ. ಬಪ್ಪಿ ಲಾಹಿರಿ 2014ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಸೋತರು. ಅದೇ ವರ್ಷ, ಅದೇ ಪಕ್ಷದಿಂದ, ಅದೇ ರಾಜ್ಯದಲ್ಲಿ ಬಾಬುಲ್ ಸುಪ್ರಿಯೊ ಗೆದ್ದರು. ಭೋಜಪುರಿ ಗಾಯಕ ಮನೋಜ್ ತಿವಾರಿ 2009ರಲ್ಲಿ ಗೋರಖಪುರದಲ್ಲಿ ಸೋತು, ಪಕ್ಷ ಬದಲಿಸಿ ದಿಲ್ಲಿಯಲ್ಲಿ ಮೂರು ಬಾರಿ ಗೆದ್ದರು. ಪಂಜಾಬಿನ ಹಂಸರಾಜ್ ಹಂಸ್ ಗೆದ್ದದ್ದು ದಿಲ್ಲಿಯಲ್ಲಿ. ಅವರ ಹಾಡು ಮನೆಮಾತಾದ ಪಂಜಾಬಿನಲ್ಲಿ 2009ರಲ್ಲೂ 2024ರಲ್ಲೂ ಸೋಲು. 2025ರ ನವೆಂಬರಿನಲ್ಲಿ ಬಿಹಾರದ ಅಲಿನಗರದಿಂದ ಇಪ್ಪತ್ತೈದರ ಹುಡುಗಿ ಮೈಥಿಲಿ ಠಾಕುರ್ ಶಾಸಕಿಯಾದರು. ಒಂದೇ ಗಂಟಲು ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತದೆಂದರೆ ಕಾರಣ ಗಂಟಲಿನಲ್ಲಿ ಇಲ್ಲವೆಂದಾಯಿತು. ತೆಲಂಗಾಣದ ಗದ್ದರ್ ದಶಕಗಳ ಕಾಲ ಚುನಾವಣೆಯನ್ನೇ ಬಹಿಷ್ಕರಿಸಿ ಎಂದು ಹಾಡಿದವರು. ಅವರ ಹಾಡಿಗೆ ಲಕ್ಷ ಜನ ಸೇರುತ್ತಿದ್ದರು, ಮತಗಟ್ಟೆಯ ಸಾಲು ಅದರಿಂದ ಬರಿದಾಗಲಿಲ್ಲ. ಕೊನೆಗೆ 2018ರಲ್ಲಿ, ಎಪ್ಪತ್ತರ ಹತ್ತಿರ ಬಂದಾಗ, ಅವರೇ ಹೋಗಿ ಜೀವನದ ಮೊದಲ ಓಟು ಹಾಕಿ ಬಂದರು.

ಹಾಗಾದರೆ ಗಾಯಕರಿಂದ ಆಗುವುದು ಏನು? ಮತಗಟ್ಟೆಯ ದಾರಿ ತೋರಿಸುವುದು ಅವರಿಂದ ಆಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ತಾನು ಕಮಲಾ ಹ್ಯಾರಿಸ್ ಪರ ಎಂದು ಬರೆದು, ಹೆಸರು ನೋಂದಾಯಿಸುವ ಸರ್ಕಾರಿ ತಾಣದ ಕೊಂಡಿ ಕೊಟ್ಟರು. ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಆ ದಾರಿಯಲ್ಲಿ ತಾಣವನ್ನು ಹೊಕ್ಕರು. ಇದು ಎಣಿಸಿ ನೋಡಬಹುದಾದ ಪರಿಣಾಮ. ನವೆಂಬರಿನಲ್ಲಿ ಗೆದ್ದದ್ದು ಟ್ರಂಪ್, ಇದೂ ಎಣಿಸಿದ್ದೇ. ನಮ್ಮ ಕರಾವಳಿಯ ಜಿಲ್ಲೆಗಳಲ್ಲಿ ಮತದಾನ ಜಾಗೃತಿಗೆ ಯಕ್ಷಗಾನದ ವೇಷ ಕಟ್ಟಿಸುತ್ತಾರಲ್ಲ, ಅದೂ ಇದೇ ಜಾತಿಯ ಕೆಲಸ. 2018ರಲ್ಲಿ ಯೋಗರಾಜ ಭಟ್ಟರಿಂದ ಆಯೋಗವೇ ಒಂದು ಚುನಾವಣಾ ಗೀತೆ ಮಾಡಿಸಿತು. ಹಾಡು ನಾಡೆಲ್ಲ ಕೇಳಿತು. ಆದರೆ ಗಾಯಕರೂ ನಟರೂ ದಟ್ಟವಾಗಿ ವಾಸಿಸುವ ಬೆಂಗಳೂರು ಶೇಕಡ 55ರ ಆಸುಪಾಸಿನಲ್ಲೇ ಉಳಿಯಿತು. ಕಾಡು ದಾಟಿ, ಹೊಳೆ ದಾಟಿ ಬೂತಿಗೆ ಬರುವ ನಮ್ಮ ಯಲ್ಲಾಪುರ, ಸಿದ್ದಾಪುರದ ಅಜ್ಜಂದಿರನ್ನು ಯಾವ ಗೀತೆಯೂ ಎಬ್ಬಿಸಬೇಕಾಗಿಲ್ಲ.

ದೊಡ್ಡವರ ಮಾತಾಯಿತು. ಈ ವ್ಯವಹಾರದಲ್ಲಿ ನಿಜವಾದ ಪೆಟ್ಟು ತಿನ್ನುವವರು ಸಣ್ಣ ಕಲಾವಿದರು. ದೊಡ್ಡ ಗಾಯಕ ಬಂದು ಹಾಡಿ ಹೆಲಿಕಾಪ್ಟರ್ ಹತ್ತುತ್ತಾನೆ. ಪಕ್ಷದ ತಾರಾ ಪ್ರಚಾರಕರ ಪಟ್ಟಿಯಲ್ಲಿ 40 ಹೆಸರಿರಬಹುದು, ಅವರು ಬಂದುಹೋಗುವ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದೂ ಇಲ್ಲ. ಊರಿನ ಹಾಡುಗಾರ ಮಾತ್ರ ಚುನಾವಣೆಯ ಮರುದಿನವೂ ಅದೇ ಊರಿನಲ್ಲಿ ಹಾಲು ತರಲು ಹೋಗಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಚುನಾವಣೆ ಬಂತೆಂದರೆ ಸಿನಿಮಾ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಕೂರಿಸಿ ಹಾಡಿ ಮುದ್ರಿಸಿ ಕೊಡುವ ಕೆಲಸ. ಒಂದು ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷಕ್ಕೂ ಮಧ್ಯಾಹ್ನ ಇನ್ನೊಂದು ಪಕ್ಷಕ್ಕೂ ಹಾಡಿದನಂತೆ. ಎರಡೂ ಆಟೋಗಳು ಪೇಟೆಯ ನಾಲ್ಕುರಸ್ತೆಯಲ್ಲಿ ಎದುರುಬದುರಾದಾಗ ಇವನದೇ ದನಿ ಇವನ ಮೇಲೇ ಜಗಳಕ್ಕೆ ಬಿತ್ತು. ಜನ ನಕ್ಕರು, ಅವನೂ ನಕ್ಕ. "ಸರ್, ಮನೆಯ ಸಾಲದ ಎರಡು ಕಂತು ಮುಟ್ಟಿತು" ಎಂದ. ಭಾಗವತಿಕೆ ಮಾಡುವ ಇನ್ನೊಬ್ಬರ ಪರಿಸ್ಥಿತಿ ನಗುವಂಥದ್ದಲ್ಲ. ಒಂದು ಪಕ್ಷದ ವೇದಿಕೆಯಲ್ಲಿ ಸ್ತುತಿಪದ್ಯ ಹೇಳಿದ್ದಕ್ಕೆ ಮುಂದಿನ ವರ್ಷ ಎರಡು ಊರಿನವರು ಅವರಿಗೆ ವೀಳ್ಯ ಕೊಡಲಿಲ್ಲ. ಹೇಳಲಾರೆ ಎಂದಿದ್ದರೆ ಇನ್ನೆರಡು ಊರು ತಪ್ಪುತ್ತಿತ್ತು. ಕಿಶೋರ್ ಕುಮಾರರಿಗೆ ಹಾಡುವುದಿಲ್ಲ ಎನ್ನುವ ತಾಕತ್ತಿತ್ತು, ಬೊಂಬಾಯಿಯಲ್ಲಿ ಬಂಗಲೆಯೂ ಇತ್ತು. ಮೂರು ಎಕರೆ ಗದ್ದೆ, ಹರಿದ ಮದ್ದಳೆ ಇಟ್ಟುಕೊಂಡವನು ಏನು ಹೇಳಿಯಾನು?

ಈಗ ಹಾಡುಗಾರನನ್ನು ಕೇಳುವ ಅಗತ್ಯವೇ ಇಲ್ಲದ ಕಾಲ ಬಂದಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡದ್ದು 2020ರಲ್ಲಿ. 2023ರ 'ಕೀಡಾ ಕೋಲಾ' ಎಂಬ ತೆಲುಗು ಸಿನಿಮಾದಲ್ಲಿ ಅವರ ದನಿಯನ್ನು ಯಂತ್ರದಿಂದ ಹುಟ್ಟಿಸಿದ್ದಾರೆಂದು ಅವರ ಮಗ ವಕೀಲರ ನೋಟೀಸು ಕಳಿಸಬೇಕಾಯಿತು. 2018ರಲ್ಲಿ ಕಾಲವಾದ ಕರುಣಾನಿಧಿಯವರು 2024ರಲ್ಲಿ ತಮಿಳುನಾಡಿನ ಪರದೆಯ ಮೇಲೆ ಬಂದು ಭಾಷಣ ಮಾಡಿದರು. ಶಬ್ದದ ಪಾಠ ಮಾಡುವಾಗ ಇದನ್ನು ಹೇಳಿದೆ. ದನಿ ಎಂದರೆ ಕಂಪನಗಳ ಒಂದು ಮಿಶ್ರಣ, ಪ್ರತಿಯೊಬ್ಬರ ಮಿಶ್ರಣದ ಹದ ಬೇರೆ. ಆ ಹದವನ್ನು ಲೆಕ್ಕ ಹಾಕಿ ಕಲಿಯುವ ಯಂತ್ರಕ್ಕೆ ಸ್ವಲ್ಪ ಹೊತ್ತಿನ ಮುದ್ರಣ ಸಿಕ್ಕರೂ ಸಾಕು ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದ್ರೆ ಸರ್, ಕಾಳಿಂಗ ನಾವಡರ ದನಿಯಲ್ಲಿ ಓಟು ಕೇಳಿಸಬಹುದಾ?" ಎಂದ. ನಾವಡರು ಅಪಘಾತದಲ್ಲಿ ಹೋದದ್ದು 1990ರಲ್ಲಿ, ಈ ಹುಡುಗ ಹುಟ್ಟುವ ಎಷ್ಟೋ ಮೊದಲು. ಮನೆಯಲ್ಲಿ ಅಜ್ಜನ ಕ್ಯಾಸೆಟ್ಟುಗಳಿವೆಯಂತೆ. ಮಾಡಬಹುದು ಎಂದೆ. "ಅವರಿಗೆ ಮನಸ್ಸಿಲ್ಲದೆ ಇದ್ರೆ?" ಎಂದು ಪಕ್ಕದ ಹುಡುಗಿ ಕೇಳಿದಳು. ಅದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಸತ್ತವರ ದನಿಯನ್ನು ಆಟೋದ ಮೈಕಿನಲ್ಲಿ ಕೂರಿಸುವವನನ್ನು ಹಿಡಿಯಲು 126ನೇ ಕಲಮೂ ಸಾಲದು. ಅದು ಆ 48 ತಾಸಿಗಷ್ಟೇ ಕಾವಲು ಕೂರುತ್ತದೆ.

ಎಲೆ ಮಡಿಚುತ್ತಿದ್ದ ಹಿರಿಯರಂಥ ಇನ್ನೊಬ್ಬರಿದ್ದಾರೆ ನಮ್ಮಲ್ಲಿ, ನಾವಡರ ಆಟ ಎಷ್ಟು ನೋಡಿದ್ದೇನೆಂದು ಲೆಕ್ಕವಿಟ್ಟವರು. ಮಕ್ಕಳ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಸ್ವಲ್ಪ ಹೊತ್ತು ಯೋಚಿಸಿ, "ದನಿ ತರಲಿ ಬಿಡಿ ಮಾಸ್ತರೇ. ನಾವಡರು ಏರುಪದ್ಯದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು ಎನ್ನುವುದು ನಮಗೆ ಗೊತ್ತುಂಟು" ಎಂದರು. ಅವರ ಮೊಮ್ಮಗನಿಗೆ ಅದು ಗೊತ್ತಿದೆಯೇ ಎಂದು ಕೇಳಿದೆ. ಅವನನ್ನು ಮುಂದಿನ ಶನಿವಾರ ಕೂಟಕ್ಕೆ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ.